ಬೀಗಿತ್ತಿಗೊಂದು ಬೆಂಚು

ನನ್ನ ಓರಗಿತ್ತಿಗೆ ತುಕ್ಕಮ್ಮ ಎಂದು ಹೆಸರಿಟ್ಟವರು ನಮ್ಮ ಅತ್ತೆ. ಅವಳು ಮದುವೆಯಾಗಿ ಬಂದ ಹೊಸತು. ಸೋಪು ತರಲು ಅಂಗಡಿಗೆ ಹೋದವಳು ಸೋಪು ಮರೆತು, ತುಕ್ಕು ಹಿಡಿದ ಒಂದು ಲಾಂದ್ರವನ್ನು ಕಂಕುಳಲ್ಲಿ ಇರುಕಿಕೊಂಡು ಬಂದಳು. ಅದಕ್ಕೆ ಗಾಜಿಲ್ಲ, ಬತ್ತಿಯಿಲ್ಲ, ಹಿಡಿಯೂ ಅರ್ಧ ಮುರಿದಿದೆ. ಅತ್ತೆ ಅದನ್ನೊಮ್ಮೆ, ಇವಳನ್ನೊಮ್ಮೆ ನೋಡಿದರು.

"ಏನಮ್ಮಾ ಇದು?"

"ಲಾಂದ್ರ, ಅತ್ತೆ."

"ಅದು ನನಗೂ ಕಾಣ್ಸುತ್ತೆ. ಇದನ್ನ ಹಚ್ಕೊಂಡು ಬಟ್ಟೆ ಒಗೀಬೇಕಾ? ಬಾರಮ್ಮಾ ತುಕ್ಕಮ್ಮಾ, ಒಳಗೆ ಬಾ."

ಅವತ್ತಿಗೆ ಅಂಟಿದ ಹೆಸರು ಇವತ್ತಿಗೂ ಬಿಟ್ಟಿಲ್ಲ. ಅವಳೇನೂ ಬೇಜಾರು ಮಾಡಿಕೊಳ್ಳಲಿಲ್ಲ. ಹುಣಸೆಹಣ್ಣು, ಬೂದಿ ಹಾಕಿ ವಾರವಿಡೀ ಆ ಲಾಂದ್ರವನ್ನು ತಿಕ್ಕಿದಳು. ಒಂದು ಹಸಿರು ಬಾಟಲಿಯ ತಳ ಕೊಯ್ಯಿಸಿ ಗಾಜಿನ ಜಾಗಕ್ಕೆ ಕೂರಿಸಿ, ಒಳಗೆ ಸಣ್ಣ ಬಲ್ಬು ಇಳಿಸಿ ನಡುಮನೆಯಲ್ಲಿ ತೂಗುಹಾಕಿದಳು. ಆಮೇಲೆ ಮನೆಗೆ ಯಾರೇ ಬರಲಿ, ಅತ್ತೆ ಮೊದಲು ಆ ದೀಪದ ಸ್ವಿಚ್ಚು ಒತ್ತುತ್ತಿದ್ದರು, ಮಟಮಟ ಮಧ್ಯಾಹ್ನವಾದರೂ ಸರಿಯೆ. "ನಮ್ಮ ಚಿಕ್ಕ ಸೊಸೆ ಮಾಡಿದ್ದು" ಎಂದು ಹೇಳದೆ ಯಾರಿಗೂ ಕಾಫಿ ಕೊಟ್ಟವರಲ್ಲ.

ನಾನು ಹಿರಿಸೊಸೆ, ಅವಳು ಕಿರಿಸೊಸೆ. ನಮ್ಮದು ಒಂದೇ ಗೋಡೆಯ ಎರಡು ಮನೆ, ಹಿತ್ತಲು ಎರಡಕ್ಕೂ ಸೇರಿದ್ದು. ಆ ಹಿತ್ತಲಲ್ಲಿ ಅವಳ ಗರಗಸದ ಸದ್ದು ಕೇಳಿಸದ ದಿನ ನನಗೆ ಏನೋ ಕಳೆದುಕೊಂಡ ಹಾಗಾಗುತ್ತದೆ. ಅವಳ ಗಂಡ, ಎಂದರೆ ನನ್ನ ಮೈದುನ, ಬಸ್ಸಿನಲ್ಲಿ ಕಂಡಕ್ಟರ್ ಆಗಿದ್ದವನು. ಕೆಲಸದಿಂದ ನಿವೃತ್ತಿಯಾಗಿ ಎಷ್ಟೋ ಕಾಲವಾದರೂ ಗಂಟಲು ಮಾತ್ರ ಇನ್ನೂ ಡ್ಯೂಟಿಯಲ್ಲೇ ಇದೆ. ಮನೆ ತುಂಬ ಹೆಂಡತಿಯ ಸಾಮಾನು. ಬಂದವರು ಕಾಲಿಡಲು ಜಾಗ ಸಿಗದೆ ಬಾಗಿಲಲ್ಲೇ ನಿಂತರೆ, "ಒಳಗೆ ಹೋಗಿ, ಒಳಗೆ ಹೋಗಿ, ಮುಂದೆ ಖಾಲಿ ಇದೆ" ಎಂದು ಕೂಗುತ್ತಾನೆ. ಮುಂದೆ ಏನೂ ಖಾಲಿ ಇರುವುದಿಲ್ಲ. ಒಂದು ಕಿಟಕಿ ಚೌಕಟ್ಟು ಇರುತ್ತದೆ, ಇಲ್ಲವೆ ಅಂಚೆಡಬ್ಬಿಯಷ್ಟು ದೊಡ್ಡ ಹಾಲಿನ ಕ್ಯಾನು.

ತುಕ್ಕಮ್ಮನ ಕೆಲಸಕ್ಕೆ ಅದರದೇ ಒಂದು ರೀತಿ ಇದೆ. ತಂದ ವಸ್ತುವಿಗೆ ಅವಳು ಕೂಡಲೇ ಉಳಿ ಸುತ್ತಿಗೆ ತೋರಿಸುವುದಿಲ್ಲ. ತೊಳೆದು ಒರೆಸಿ, ನಡುಮನೆಯಲ್ಲಿ ಎಲ್ಲರ ಕಾಲಿಗೂ ಅಡ್ಡವಾಗುವ ಹಾಗೆ ಇಟ್ಟುಬಿಡುತ್ತಾಳೆ. ಇದಕ್ಕೆ ನಮ್ಮಲ್ಲಿ 'ಕೂರಿಸುವುದು' ಎನ್ನುತ್ತೇವೆ. ಕೂರಿಸಿದ್ದನ್ನು ಯಾರೂ ಜರುಗಿಸುವ ಹಾಗಿಲ್ಲ, ಬೈಯುವ ಹಾಗೂ ಇಲ್ಲ. ಕಾಲು ಎಡವಿದರೆ ಕಾಲನ್ನೇ ಬೈದುಕೊಳ್ಳಬೇಕು. ಅವಳು ಮಾತ್ರ ಮೂಲೆಯಲ್ಲಿ ಬೇರೆ ಏನೋ ಮಾಡುತ್ತ, ಯಾರು ಅದರ ಹತ್ತಿರ ಹೋಗಿ ಏನು ಮಾಡುತ್ತಾರೆ ಎಂದು ಓರೆಗಣ್ಣಲ್ಲಿ ನೋಡುತ್ತಿರುತ್ತಾಳೆ. ಹೊಲಿಗೆ ಯಂತ್ರದ ಕಬ್ಬಿಣದ ಕಾಲುಗಳನ್ನು ಕೂರಿಸಿದಾಗ ಮೈದುನ ಹೋಗುತ್ತ ಬರುತ್ತ ಅದರ ಮೇಲೆ ಟೀ ಲೋಟ ಇಡತೊಡಗಿದ. ಒಡೆದ ಅಡುಗೆಕಟ್ಟೆಯ ಕಲ್ಲು ಅದರ ಮೇಲೆ ಬಂತು, ಟೀ ಮೇಜಾಯಿತು. ಬಣ್ಣದವರ ಬಿದಿರೇಣಿ ಕೂತಾಗ ಮನೆಮಂದಿಯೆಲ್ಲ ಒದ್ದೆ ಟವೆಲು ಅದಕ್ಕೇ ಹಾಕಿದರು. ಅದು ಬಚ್ಚಲಿನ ಪಕ್ಕದ ಗೋಡೆ ಸೇರಿತು. ಹಳೆಯ ಪ್ರೆಸ್ಸಿನ ಅಚ್ಚಿನ ಮೊಳೆ ಜೋಡಿಸುವ ಮರದ ತಟ್ಟೆ ಕೂತಿದ್ದಾಗ, ನಾನು ಅದರ ಪುಟ್ಟಪುಟ್ಟ ಗೂಡುಗಳಲ್ಲಿ ಗುಂಡಿ, ಪಿನ್ನು, ದಾರದ ಉಂಡೆ ಹಾಕಿದೆ. ಅದು ಈಗ ನನ್ನ ಮನೆಯ ಗೋಡೆಯ ಮೇಲೆ ಇದೆ. ಬಂದವರೆಲ್ಲ ಚಿತ್ರ ನೋಡುವ ಹಾಗೆ ನಿಂತು ನೋಡುತ್ತಾರೆ.

"ಇದು ಏನಾಗಬೇಕು ಅಂತ ನಾನು ಕೂತು ಯೋಚ್ನೆ ಮಾಡಿದ್ರೆ ತಪ್ಪಾಗುತ್ತೆ ಅಕ್ಕಾ. ನಿಮ್ಮ ಕೈಗಳೇ ಹೇಳ್ತವೆ" ಎನ್ನುತ್ತಾಳೆ ಅವಳು.

ಇನ್ನೊಂದು ನಿಯಮವಿದೆ. ಯಾವ ವಸ್ತುವೇ ಆಗಲಿ, ಯಾರ ಮನೆಯದು ಎಂದು ಅವಳು ಕೇಳುವುದಿಲ್ಲ. ಊರಿಗೆಲ್ಲ ಇರುವವನು ಒಬ್ಬನೇ ಗುಜರಿಯವನು. ತಳ್ಳುಗಾಡಿಯಲ್ಲಿ ಸಾಮಾನಿಗಿಂತ ಸುದ್ದಿ ಜಾಸ್ತಿ ತುಂಬಿಕೊಂಡು ತಿರುಗುವ ಮನುಷ್ಯ. ಯಾರ ಮನೆಗೆ ಹೊಸ ಫ್ರಿಜ್ಜು ಬಂತು, ಯಾರು ಯಾರ ಮೇಲೆ ಮುನಿಸಿಕೊಂಡು ಯಾವ ಪಾತ್ರೆ ಎಸೆದರು, ಎಲ್ಲ ಅವನಿಗೆ ಗೊತ್ತು. "ಅಕ್ಕಾ, ಇದು ಯಾರ ಮನೇದು ಗೊತ್ತಾ" ಎಂದು ಬಾಯಿ ತೆರೆದರೆ ಸಾಕು, ತುಕ್ಕಮ್ಮ ಎರಡೂ ಕಿವಿ ಮುಚ್ಚಿಕೊಳ್ಳುತ್ತಾಳೆ.

"ಹೇಳ್ಬೇಡಪ್ಪಾ. ಗೊತ್ತಾದ್ರೆ ಅದು ಅವರದೇ ಆಗಿ ಉಳ್ಕೊಂಡ್ಬಿಡುತ್ತೆ. ಆಮೇಲೆ ನನಗೆ ಗರಗಸ ಹಾಕೋಕೆ ಕೈ ಬರಲ್ಲ."

ಅವಳ ಒಬ್ಬನೇ ಮಗ ಮನೆಗಳಿಗೆ ವೈರಿಂಗ್ ಮಾಡುವವನು. ಸೊಸೆ ಔಷಧಿ ಅಂಗಡಿಯಲ್ಲಿ ಕೆಲಸಕ್ಕಿದ್ದವಳು. ಅಂಗಡಿಗೆ ದೀಪ ಹಾಕಲು ಹೋದವನು ಅಲ್ಲೇ ಮನಸ್ಸನ್ನೂ ಹಾಕಿ ಬಂದ. ಎರಡೂ ಕಡೆಯವರು ಒಪ್ಪಿದರು, ಮದುವೆಯಾಯಿತು. ಆ ಔಷಧಿ ಅಂಗಡಿಯ ಮೇಲೆಯೇ ಇದ್ದ ಎರಡು ಕೋಣೆಯ ಮನೆಯನ್ನು ಬಾಡಿಗೆಗೆ ಹಿಡಿದರು. ಮನೆ ಚೊಕ್ಕ, ಗಾಳಿ ಬೆಳಕು ಚೆನ್ನ. ಆದರೆ ಮೆಟ್ಟಿಲು ಮಾತ್ರ ಬಲು ಕಿರಿದು, ಮಧ್ಯದಲ್ಲಿ ಗಕ್ಕನೆ ತಿರುಗುತ್ತದೆ.

ಬಂದ ತಾಪತ್ರಯವೆಲ್ಲ ಆ ತಿರುವಿನಿಂದ. ಸೊಸೆಯ ತಾಯಿ, ನಮ್ಮ ಬೀಗಿತ್ತಿ, ಬಟ್ಟೆ ಅಂಗಡಿ ನಡೆಸುವ ಗಟ್ಟಿಗಿತ್ತಿ. ಅವರ ಯಜಮಾನರು ಗಡಿಯಾರ ರಿಪೇರಿ ಮಾಡುವವರು. ಗಡಿಯಾರ ಟಿಕ್ ಎಂದಷ್ಟೂ ಅವರು ಮಾತಾಡುವುದಿಲ್ಲ. ಬೀಗಿತ್ತಿ ಮಗಳ ಹೊಸ ಮನೆಗೆಂದು ಒಂದು ದೊಡ್ಡ ಸೋಫಾ ಕಳಿಸಿದರು. ಕಂದುಬಣ್ಣದ್ದು, ಮಿರಮಿರ ಮಿಂಚುವಂಥದ್ದು, ಪ್ಲಾಸ್ಟಿಕ್ ಹೊದಿಕೆ ಸಮೇತ. ಅದು ಮೆಟ್ಟಿಲ ತಿರುವಿನಲ್ಲಿ ಸಿಕ್ಕಿಹಾಕಿಕೊಂಡಿತು. ಮೇಲಕ್ಕೂ ಹೋಗದು, ಕೆಳಕ್ಕೂ ಬಾರದು. ಮೇಲಿದ್ದ ಸೊಸೆ ಕೆಲಸಕ್ಕೆ ಇಳಿಯಲಾಗದೆ ಸೋಫಾದ ಮೇಲೆಯೇ ತೆವಳಿ ಬಂದಳು. ಅಂಗಡಿಗೆ ಬಂದ ಗಿರಾಕಿಗಳೆಲ್ಲ ಕೆಳಗೆ ನಿಂತು ಒಬ್ಬೊಬ್ಬರು ಒಂದೊಂದು ಸಲಹೆ ಕೊಟ್ಟರು. ಕೊನೆಗೆ ಹೇಗೋ ಹಿಂದಕ್ಕೆಳೆದು ವಾಪಸು ಕಳಿಸಿದ್ದಾಯಿತು. ಸೊಸೆ ಫೋನು ಮಾಡಿ, "ಬೇಡ ಬಿಡಮ್ಮಾ, ಅತ್ತೆ ಏನಾದ್ರೂ ಮಾಡ್ಕೊಡ್ತಾರೆ" ಎಂದುಬಿಟ್ಟಳು.

ಮೆಟ್ಟಿಲಲ್ಲಿ ಸಿಕ್ಕಿದ ಸೋಫಾ ಬಿಡಿಸಿಕೊಂಡಿತು, ಈ ಮಾತು ಬೀಗಿತ್ತಿಯ ಎದೆಯಲ್ಲಿ ಸಿಕ್ಕಿಕೊಂಡಿತು.

"ನಾನು ಕೊಟ್ಟಿದ್ದು ಬೇಡ, ಗುಜರಿ ಬೇಕಾ? ಸರಿ. ಅದರ ಮೇಲೆ ನೀವೇ ಕೂತ್ಕೊಳ್ಳಿ. ಆ ಮನೇಲಿ ನಾನಂತೂ ಕೂರಲ್ಲ."

ಆಡಿದ ಮಾತಿಗೆ ತಪ್ಪುವ ಹೆಂಗಸಲ್ಲ ಅವರು. ಮಗಳ ಮನೆಗೆ ಬರುವುದನ್ನು ಬಿಡಲಿಲ್ಲ, ಕೂರುವುದನ್ನು ಬಿಟ್ಟರು. ಕೈಯಲ್ಲಿ ಹಣ್ಣಿನ ಚೀಲ ಹಿಡಿದು ಮೆಟ್ಟಿಲು ಹತ್ತಿ ಬರುವುದು, ಚೀಲ ಕೊಡುವುದು, ಕಿಟಕಿಯ ಹತ್ತಿರ ನಿಂತು ಬೀದಿ ನೋಡುವುದು, ಹೋಗುವುದು. ಅವರಿಗೆ ಮೊಣಕಾಲು ನೋವು ಬೇರೆ. ಒಂದು ಕಾಲ ಭಾರ ಇನ್ನೊಂದು ಕಾಲಿಗೆ ಹಾಕುತ್ತ, ಹಲ್ಲು ಕಚ್ಚಿ ನಿಲ್ಲುತ್ತಿದ್ದರು. ಅವರು ಹೋದ ಮೇಲೆ ಸೊಸೆ ಅದೇ ಕಿಟಕಿಯ ಹತ್ತಿರ ಸುಮ್ಮನೆ ನಿಲ್ಲುವಳು.

ಹೀಗಿರುವಾಗ ಸೊಸೆ ಬಸುರಿಯಾದಳು. ದಿನ ತುಂಬುತ್ತ ಬಂದಂತೆ ಕಾಲು ಬಾತುಕೊಂಡವು. ಮೆಟ್ಟಿಲು ಹತ್ತಿಳಿಯಬೇಡ, ಹಗಲು ಹೊತ್ತು ಯಾರಾದರೂ ಜೊತೆಗಿರಲಿ ಎಂದರು ಡಾಕ್ಟರು. ತುಕ್ಕಮ್ಮ ತನ್ನ ಗರಗಸ ಮೂಲೆಗಿಟ್ಟು ದಿನವೂ ಹೋಗಿ ಕೂತಳು. ಒಂದು ದಿನ ನಾನೂ ಹೋಗಿದ್ದೆ. ಸೊಸೆ ಚಾಪೆಯ ಮೇಲೆ ಮಲಗಿ ಗೋಡೆ ನೋಡುತ್ತ ಹೇಳಿದಳು:

"ಅತ್ತೆ, ನೀವು ಇದ್ದೀರಿ, ನನಗೇನೂ ಕಮ್ಮಿ ಇಲ್ಲ. ಆದ್ರೆ..."

"ಆದ್ರೆ ಅಮ್ಮ ಬೇಕು."

"ಹೂಂ."

"ಅದಕ್ಕೆ ಅಳೋದ್ಯಾಕೆ? ನನಗೆ ಈ ವಯಸ್ಸಲ್ಲೂ ಹಲ್ಲು ನೋವು ಬಂದ್ರೆ ಅಮ್ಮ ಬೇಕು ಅನ್ಸುತ್ತೆ."

"ಅಮ್ಮ ಬರ್ತಾಳೆ ಅತ್ತೆ. ಆದ್ರೆ ನಿಂತ್ಕೊಂಡೇ ಇರ್ತಾಳೆ. ಅವಳ ಕಾಲು ನೋಡೋಕಾಗಲ್ಲ ನನಗೆ. ನಿಂತ್ಕೊಂಡೇ ಮಗೂನ ಎತ್ಕೊಳ್ತಾಳಾ?"

ತುಕ್ಕಮ್ಮ ಮಾರನೆಯ ದಿನವೇ ಬೀಗಿತ್ತಿಯ ಬಟ್ಟೆ ಅಂಗಡಿಗೆ ಹೋದಳು, ಜೊತೆಗೆ ನನ್ನನ್ನೂ ಎಳೆದುಕೊಂಡು. ಬೀಗಿತ್ತಿ ಗಲ್ಲಾಪೆಟ್ಟಿಗೆಯ ಹಿಂದೆ ಎತ್ತರದ ಸ್ಟೂಲಿನ ಮೇಲೆ ಕೂತಿದ್ದರು. ಮರ್ಯಾದೆಗೆ ಏನೂ ಕೊರತೆಯಿಲ್ಲ, ತಣ್ಣಗಿನ ನೀರು ಕೊಟ್ಟರು, ಫ್ಯಾನು ನಮ್ಮ ಕಡೆ ತಿರುಗಿಸಿದರು. ಮಾತು ಆ ವಿಷಯಕ್ಕೆ ಬಂದಾಗ ಮಾತ್ರ, "ನನಗೆ ಯಾರ ಮೇಲೂ ಕೋಪ ಇಲ್ಲ ಕಣ್ರೀ. ಕೂರಲ್ಲ ಅಂದೆ, ಕೂರಲ್ಲ. ಅಷ್ಟೇ" ಎಂದರು.

ತುಕ್ಕಮ್ಮ ವಾದಕ್ಕೆ ನಿಲ್ಲಲಿಲ್ಲ. ಸೀರೆಯ ಸೆರಗು ನೋಡುವ ನೆಪದಲ್ಲಿ ಆ ಸ್ಟೂಲಿನ ಪಕ್ಕ ಬಗ್ಗಿ, ಅದರ ಎತ್ತರವನ್ನು ಗೇಣಿನಲ್ಲಿ ಅಳೆದುಕೊಂಡಳು. ಹೊರಗೆ ಬಂದ ಮೇಲೆ ಹೇಳಿದಳು: "ಬಾಯಿ ಕೂರಲ್ಲ ಅನ್ನುತ್ತೆ ಅಕ್ಕಾ. ಮೊಣಕಾಲನ್ನ ಯಾರಾದ್ರೂ ಕೇಳಿದಾರಾ? ನಾನು ಮೊಣಕಾಲಿನ ಹತ್ರ ಮಾತಾಡ್ತೀನಿ."

ಅದೇ ವಾರ ಗುಜರಿಯವನು ಏದುಸಿರು ಬಿಡುತ್ತ ಹಿತ್ತಲ ಬಾಗಿಲಿಗೆ ಬಂದ. ಗಾಡಿಯ ಮೇಲೆ ಹಳೆಯ ಕಾಲದ ಒಂದು ಬೀಟೆಮರದ ಮಂಚ, ಬಿಚ್ಚಿ ಹೇರಿದ್ದು. ತಲೆದಿಸೆಯ ಹಲಗೆ ಎದೆಮಟ್ಟಕ್ಕೆ ಬರುವಷ್ಟು ಎತ್ತರ, ಅದರ ತುಂಬ ದ್ರಾಕ್ಷಿ ಗೊಂಚಲಿನ ಕೆತ್ತನೆ. ತುಕ್ಕಮ್ಮನ ಕಣ್ಣು ಆ ಗೊಂಚಲಿಗೆ ನೆಟ್ಟುಹೋಯಿತು.

"ಅಕ್ಕಾ, ಇದು ಯಾರ ಮನೇದು ಗೊತ್ತಾ? ಕೇಳಿದ್ರೆ ನೀವು..."

"ಹೇಳ್ಬೇಡ!"

"ಇದೊಂದು ಸಲ ಕೇಳಿಬಿಡಿ ಅಕ್ಕಾ. ಮಜಾ ಇದೆ."

"ಆ ಮಜಾ ನೀನೇ ಇಟ್ಕೊ. ಮಂಚ ಇಳ್ಸು."

ಅವನು ಬಾಯಲ್ಲಿ ಬಿಸಿ ಬೋಂಡಾ ಇಟ್ಟುಕೊಂಡವನ ಹಾಗೆ ಒದ್ದಾಡಿಕೊಂಡು ಹೋದ.

ತಲೆದಿಸೆಯ ಹಲಗೆಯನ್ನು ನಡುಮನೆಯ ಗೋಡೆಗೆ ಒರಗಿಸಿ ಕೂರಿಸಿದ್ದಾಯಿತು. ನಮ್ಮ ಕೈಗಳು ಈ ಸಲ ಏನೂ ಹೇಳಲಿಲ್ಲ, ಬೆನ್ನುಗಳು ಹೇಳಿದವು. ಮೈದುನ ಪೇಪರು ಓದುತ್ತ ಅದಕ್ಕೇ ಒರಗಿ ಗೊರಕೆ ಹೊಡೆದ. ನಾನು ಬಟಾಣಿ ಸುಲಿಯಲು ಕೂತವಳು ನನಗೇ ಗೊತ್ತಿಲ್ಲದ ಹಾಗೆ ಜರುಗಿ ಜರುಗಿ ಅದಕ್ಕೆ ಬೆನ್ನು ಕೊಟ್ಟಿದ್ದೆ. ಡಾಕ್ಟರ ಹತ್ತಿರ ಹೋಗಿ ಬರುವಾಗ ಸೊಸೆ ನಮ್ಮ ಮನೆಗೆ ಬಂದಳು. ಕುರ್ಚಿ ಖಾಲಿಯಿದ್ದರೂ ನೆಲದಲ್ಲಿ ಕೂತು, ಆ ದ್ರಾಕ್ಷಿ ಗೊಂಚಲಿಗೆ ತಲೆಯಾನಿಸಿ, ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡು ನಿದ್ದೆ ಹೋದಳು. ತುಕ್ಕಮ್ಮ ನನ್ನ ಕಡೆ ನೋಡಿ ಹುಬ್ಬು ಹಾರಿಸಿದಳು. ಬೆಂಚಾಗಬೇಕು ಅದು.

ತಲೆದಿಸೆಯ ಹಲಗೆ ಬೆನ್ನಿಗೆ. ಕಾಲುದಿಸೆಯ ಗಿಡ್ಡ ಹಲಗೆಯನ್ನು ನಟ್ಟನಡುವೆ ಸೀಳಿದರೆ ಎರಡು ಪಕ್ಕಕ್ಕೆ ಎರಡು ಕೈ. ಕೂರುವ ಜಾಗಕ್ಕೆ ಮಂಚದ್ದೇ ಉದ್ದನೆಯ ಪಟ್ಟಿಗಳು. ಗಂಡಹೆಂಡತಿ ಹಿತ್ತಲಲ್ಲಿ ಗರಗಸದ ಎರಡು ತುದಿ ಹಿಡಿದರು. ಮೈದುನ "ರೈಟ್, ರೈಟ್" ಎನ್ನುತ್ತ ಎಳೆಯುವನು, ಗೆರೆ ತಪ್ಪಿದರೆ "ಹೋಲ್ಡಾನ್!" ಎಂದು ಕಿರುಚುವನು. ಕಬ್ಬಿಣದಂಥ ಮರ, ಸುಲಭಕ್ಕೆ ಬಗ್ಗಲಿಲ್ಲ. ತುಕ್ಕಮ್ಮ ಬೀಗಿತ್ತಿಯ ಸ್ಟೂಲಿನ ಲೆಕ್ಕಕ್ಕೇ ಬೆಂಚಿನ ಎತ್ತರ ಇಟ್ಟಳು, ಮಂಡಿ ಮಡಿಚಿ ಏಳುವಾಗ ಕೈಯೂರಲು ಪಕ್ಕದ ಹಲಗೆಗಳು ಸರಿಯಾಗಿ ಸಿಗಬೇಕೆಂದು ನನ್ನನ್ನು ಕೂರಿಸಿ ಏಳಿಸಿ, ಏಳಿಸಿ ಕೂರಿಸಿ ನೋಡಿದಳು. ನನ್ನ ಮೊಣಕಾಲೂ ಏನೂ ಎಳೆಯದಲ್ಲ.

ಸ್ಯಾಂಡ್‌ಪೇಪರ್ ಹಾಕಿ ಉಜ್ಜುವಾಗ ಮೈದುನನಿಗೆ ಒಂದು ಕಡೆ ಬೆರಳು ತಡೆಯಿತು. ತಲೆದಿಸೆಯ ಹಲಗೆಯ ಬಲತುದಿಯಲ್ಲಿ, ಒಂದೇ ಜಾಗದಲ್ಲಿ, ಒತ್ತೊತ್ತಾಗಿ ಸಣ್ಣಸಣ್ಣ ಗುಳಿಗಳು.

"ಮರಕುಟಿಗ ಬಂದು ಕುಕ್ಕಿದೆ ನೋಡೆ. ಪುಟ್ಟಿ ತುಂಬಿಸ್ಲಾ?"

"ಬೇಡ. ಯಾರೋ ಬದುಕಿದ್ದ ಗುರುತು, ಇರ್ಲಿ" ಎಂದಳು ತುಕ್ಕಮ್ಮ, ಆ ಗುಳಿಗಳಿಗೂ ಅಗಸೆ ಎಣ್ಣೆ ಸವರಿದಳು.

ಎಲ್ಲವನ್ನೂ ಸ್ಕ್ರೂಗಳಲ್ಲೇ ಜೋಡಿಸಿದ್ದಳು. ಹಾಗಾಗಿ ಬಿಚ್ಚಿ, ಒಂದೊಂದೇ ಹಲಗೆಯಾಗಿ ಆ ಹಾಳು ತಿರುವು ದಾಟಿಸಿ, ಮೇಲೆ ಮತ್ತೆ ಕಟ್ಟಿದರು. ಕಿಟಕಿಯ ಪಕ್ಕದಲ್ಲಿ, ಬೀಗಿತ್ತಿ ಯಾವಾಗಲೂ ನಿಲ್ಲುತ್ತಿದ್ದ ಜಾಗಕ್ಕೇ ಅದನ್ನು ಇಟ್ಟಳು. ಕೂರದಿದ್ದರೆ ಅವರಿಗೆ ನಿಲ್ಲಲು ಬೇರೆ ಜಾಗ ಹುಡುಕಬೇಕು!

ಭಾನುವಾರ ಮಧ್ಯಾಹ್ನ ಬೀಗಿತ್ತಿ ಬಂದರು. ಅಪರೂಪಕ್ಕೆ ಬೀಗರೂ ಜೊತೆಗಿದ್ದರು. ನಾನು, ತುಕ್ಕಮ್ಮ, ಮೈದುನ ಮೂವರೂ ಮೊದಲೇ ಹೋಗಿದ್ದೆವು. ತುಕ್ಕಮ್ಮ ಅಡುಗೆಮನೆಯಲ್ಲಿ ಟೀಗೆ ನೀರಿಟ್ಟು, ಕಿವಿಯನ್ನು ಮಾತ್ರ ಹೊರಗಿಟ್ಟಿದ್ದಳು. ಬೀಗಿತ್ತಿ ಮೆಟ್ಟಿಲು ಹತ್ತಿದ ಉಬ್ಬಸದಲ್ಲೇ ಚೀಲ ಮಗಳ ಕೈಗೆ ಕೊಟ್ಟು, ಎಂದಿನಂತೆ ಕಿಟಕಿಯ ಕಡೆ ಎರಡು ಹೆಜ್ಜೆ ಹಾಕಿದವರು ಹಾವು ಕಂಡವರ ಹಾಗೆ ನಿಂತುಬಿಟ್ಟರು.

ಬೀಗರು ಅವರನ್ನು ದಾಟಿ ನೇರ ಬೆಂಚಿನ ಹತ್ತಿರ ಹೋದರು. ಕನ್ನಡಕ ಏರಿಸಿಕೊಂಡರು. ದ್ರಾಕ್ಷಿ ಗೊಂಚಲಿನ ಮೇಲೆ ಕೈಯಾಡಿಸಿದರು. ಬಲತುದಿಯ ಆ ಗುಳಿಗಳ ಮೇಲೆ ಬೆರಳಿಟ್ಟರು.

"ಇದು ಅಮ್ಮನ ಉಂಗುರದ್ದು" ಎಂದರು.



"ಅಲ್ಲ" ಎಂದರು ಬೀಗಿತ್ತಿ. ದನಿ ಅವರದ್ದಾಗಿರಲಿಲ್ಲ. "ಅತ್ತೆ ಮಂಚ ಅಲ್ಲ ಇದು. ಅದಕ್ಕೆ ಗೆದ್ದಲು ಹಿಡಿದಿತ್ತು, ಸುಟ್ಟು ಹಾಕ್ಸಿದೆ ಅಂತ ನಿಮಗೆ ಹೇಳಿದ್ನಲ್ಲ."

ಟೀ ತಟ್ಟೆ ಹಿಡಿದು ಬಾಗಿಲಿಗೆ ಬಂದ ತುಕ್ಕಮ್ಮನ ಮುಖ ನೋಡಿದೆ. ಗುಜರಿಯವನ ಬಾಯಲ್ಲಿ ಒದ್ದಾಡುತ್ತಿದ್ದ ಮಜಾ ಏನೆಂದು ಅವಳಿಗೆ ಆಗ ತಿಳಿಯಿತು. ಬೀಗಿತ್ತಿ ಗಂಡನಿಗೆ ಗೊತ್ತಾಗದ ಹಾಗೆ ಗುಜರಿಗೆ ಹಾಕಿದ ಮಂಚವನ್ನೇ ತಂದು, ಬೀಗಿತ್ತಿಗೆ ಕೂರಲೆಂದು ಇಟ್ಟಿದ್ದಾಳೆ! ಆದರೆ ನನ್ನ ಓರಗಿತ್ತಿ ಹೆದರಿ ಹಿಂದೆ ಸರಿಯುವವಳಲ್ಲ. ಬೀಗಿತ್ತಿಯ ಮಾನ ಉಳಿಸಲು ಮುಂದಾದಳು.

"ಗೆದ್ದಲು ಅಂದ್ರಾ? ಅಯ್ಯೋ, ಇದಕ್ಕೂ ಏನು ಗೆದ್ದಲು! ಕೆರೆದು ಕೆರೆದು ನನ್ನ ಕೈ ಸೋತುಹೋಯ್ತು. ಇದ್ಯಾವುದೋ ಬೇರೆ ಮಂಚ ಬಿಡಿ ಬೀಗರೇ."

"ಎಲ್ಲಿತ್ತೇ ಗೆದ್ದಲು?" ಎಂದ ಮೈದುನ. "ಒಂದು ತೂತಿರಲಿಲ್ಲ. ಗುಂಡುಕಲ್ಲು ಇದ್ದ ಹಾಗಿತ್ತು. ಎತ್ತಿ ಎತ್ತಿ ನನ್ನ ಸೊಂಟ..."

ತುಕ್ಕಮ್ಮ ಅವನ ಕಾಲು ತುಳಿದಳು. "ಯಾಕೆ ತುಳೀತೀಯ?" ಎಂದು ಅದನ್ನೂ ಕೇಳಿದ ಪುಣ್ಯಾತ್ಮ.

ಬೀಗಿತ್ತಿ ತಲೆ ತಗ್ಗಿಸಿದರು. ಇನ್ನು ಈ ಮನೆಗೆ ಕಾಲೂ ಇಡುವುದಿಲ್ಲ ಇವರು ಎಂದುಕೊಂಡೆ. ಸೊಸೆ ಗೋಡೆ ಹಿಡಿದು ನಿಂತಿದ್ದಳು.

ಆಗ ಬೀಗರು ಮಾತಾಡಿದರು. ಅವರು ಒಟ್ಟಿಗೆ ಅಷ್ಟು ಮಾತಾಡಿದ್ದನ್ನು ನಾನು ಹಿಂದೆ ಕೇಳಿಲ್ಲ.

"ಗೆದ್ದಲು ಹಿಡಿದಿರಲಿಲ್ಲ ಅಂತ ನನಗೆ ಗೊತ್ತು. ಅವತ್ತು ಊರಿಗೆ ಹೋಗೋ ಬಸ್ಸು ತಪ್ಪಿಹೋಗಿತ್ತು ನನಗೆ. ವಾಪಸ್ ಬರ್ತಾ ನಮ್ಮನೆ ಎದುರಿನ ಟೀ ಅಂಗಡೀಲಿ ಕೂತಿದ್ದೆ. ಮಂಚ ಹೊರಗೆ ಬಂತು. ಹೊತ್ತವರು ಏದುಸಿರು ಬಿಡ್ತಾ ಇದ್ರು. ಗೆದ್ದಲು ತಿಂದ ಮಂಚ ಅಷ್ಟು ಭಾರ ಇರುತ್ತಾ?"

"ನೋಡಿದ್ರಾ?" ಬೀಗಿತ್ತಿ ತಲೆಯೆತ್ತಿದರು. "ನೋಡಿದ್ರೂ ಇಷ್ಟು ದಿನ ಬಾಯಿ ಬಿಡ್ಲಿಲ್ವಾ?"

"ಏನಂತ ಬಿಡ್ಲಿ? ಅದು ಹೋಗ್ತಿದೆಯಲ್ಲ ಅಂತ ನನಗೂ ಖುಷಿಯಾಯ್ತು. ಇನ್ನೊಂದು ಟೀ ತರ್ಸಿ ಕುಡಿದೆ."

ಬೀಗಿತ್ತಿ ಗಂಡನನ್ನು ಹೊಸದಾಗಿ ನೋಡುವವರ ಹಾಗೆ ನೋಡಿದರು. ಆಮೇಲೆ ನಮ್ಮ ಕಡೆ ತಿರುಗಿ, ಬೆಂಚಿನತ್ತ ಕೈ ತೋರಿಸಿ ಹೇಳಿದರು: "ನಮ್ಮ ಅತ್ತೆ ಇದರ ಮೇಲೆ ಮಲಗಿರೋರು. ಅವರು ಹೋದ ಮೇಲೆ ಬಿಚ್ಚಿ ಅಟ್ಟಕ್ಕೆ ಹಾಕಿದ್ದು, ನನ್ನ ಮಗಳು ಇದನ್ನ ಕಂಡೇ ಇಲ್ಲ. ಉಂಗುರದಿಂದ ಟಕ್ ಟಕ್ ಅಂತ ಬಡಿಯೋರು. ಬಡಿದ್ರೆ ಒಲೆ ಮೇಲಿರೋದು ಉಕ್ಕಲಿ, ಸೀದು ಹೋಗ್ಲಿ, ಓಡಿ ಬಂದು ಮುಂದೆ ನಿಲ್ಬೇಕು. ನೀರು ಬೇಕು, ಕಿಟಕಿ ಮುಚ್ಚು, ಕಿಟಕಿ ತೆಗಿ. ಇವಳು ಹೊಟ್ಟೇಲಿದ್ದಾಗಲೂ ನಿಂತೇ ಇರ್ತಿದ್ದೆ. ಒಂದು ದಿನ, ಒಂದು ಗಳಿಗೆ, ಕೂತ್ಕೊಳ್ಳೆ ಅಂದವರಲ್ಲ."

ತುಕ್ಕಮ್ಮ ಟೀ ತಟ್ಟೆಯನ್ನು ನನ್ನ ಕೈಗೆ ಕೊಟ್ಟಳು. "ನಾನು ಕೇಳ್ದೇ ತಂದೆ, ತಪ್ಪಾಯ್ತು ಬೀಗಿತ್ತಿಯವರೇ. ಈಗಲೇ ಬಿಚ್ಚಿ ಹಾಕ್ತೀನಿ. ಲೇ ಮಗನೇ, ಸ್ಕ್ರೂಡ್ರೈವರ್ ತಾರೋ." ಮಾತಿಗೆ ಹೇಳಿದ್ದಲ್ಲ, ಆಗಲೇ ಸೆರಗು ಸೊಂ‌ಟಕ್ಕೆ ಸಿಕ್ಕಿಸಿ ಬಗ್ಗಿದ್ದಳು.

"ನಿಲ್ಲಿ" ಎಂದರು ಬೀಗಿತ್ತಿ. ಹತ್ತಿರ ಬಂದು ಸುತ್ತ ನೋಡಿದರು. "ಇದರ ಕಾಲುದಿಸೆ ಹಲಗೆ ಎಲ್ಲಿ?"

"ಇಲ್ಲೇ ಇದೆ. ಈ ಕೈ, ಆ ಕೈ. ಮಧ್ಯಕ್ಕೆ ಸೀಳಿ ಎರಡು ಮಾಡಿದ್ದೀನಿ."

"ಸೀಳಿದ್ರಾ? ಗರಗಸ ಹಾಕಿ?"

"ಹೂಂ, ಗರಗಸ ಹಾಕಿ."

"ಕಷ್ಟ ಆಯ್ತಾ?"

"ಅಷ್ಟಿಷ್ಟಲ್ಲ! ಅದೇನು ಹಟ ಆ ಮರಕ್ಕೆ. ಇಡೀ ಬೆಳಗ್ಗೆ ಕಿರ್ರೋ ಅಂತ ಕಿರುಚ್ತು. ಕೊನೆಗೆ ದಡ್ ಅಂತ ಎರಡಾಗಿ ಬಿತ್ತು."

"ಕಿರುಚ್ತಾ?" ಬೀಗಿತ್ತಿಯ ಮುಖದಲ್ಲಿ ಏನೋ ಸಡಿಲವಾಯಿತು. "ಛೆ, ನನ್ನನ್ನ ಕರೀಬೇಕಿತ್ತು ಕಣ್ರೀ. ಅಂಗಡಿ ಮುಚ್ಚಿ ಬರ್ತಿದ್ದೆ."

ಮೊದಲು ನಕ್ಕವಳು ಸೊಸೆ. ಅಳು ಬರುವ ಹೊತ್ತಿಗೆ ನಗು ಬಂದು ಬಿಕ್ಕಳಿಸಿದಳು. ಬೀಗಿತ್ತಿ ಆ ಬಲತುದಿಗೆ, ಗುಳಿಗಳಿದ್ದ ಕಡೆಗೇ ಹೋದರು. ಸೀರೆಯ ನಿರಿಗೆ ಸರಿಮಾಡಿಕೊಂಡರು. ಪಕ್ಕದ ಹಲಗೆಯ ಮೇಲೆ ಕೈಯೂರಿದರು. ಕೂತರು. ಅರ್ಧ ಕೂತು ನೋಡಲಿಲ್ಲ, ಹಿಂದಕ್ಕೆ ಒರಗಿ ಪೂರ್ತಿ ಕೂತರು. ಎರಡೂ ಮೊಣಕಾಲನ್ನು ಅಂಗೈಯಿಂದ ನೀವಿಕೊಂಡು, "ಉಸ್ಸಪ್ಪಾ" ಎಂದರು. ಆ ಒಂದು ಉಸಿರಿಗಾಗಿ ನನ್ನ ಓರಗಿತ್ತಿ ಬೆರಳಿಗೆಲ್ಲ ಸಿಬಿರು ಚುಚ್ಚಿಸಿಕೊಂಡಿದ್ದಳು.

ಅಷ್ಟಕ್ಕೇ ಬಿಡಲಿಲ್ಲ ಅವರು. ಬಲಗೈ ಎತ್ತಿ, ಉಂಗುರದಿಂದ ಹಲಗೆಗೆ ಟಕ್ ಟಕ್ ಎಂದು ಬಡಿದರು.

"ಬಂದೆ!" ಎಂದು, ಆಗಷ್ಟೇ ಚಾಪೆಯ ಮೇಲೆ ಕೂತಿದ್ದ ಬೀಗರು ದಿಗ್ಗನೆ ಎದ್ದು ನಿಂತರು. ನಿಂತ ಮೇಲೆಯೇ ಅವರಿಗೆ ಅರಿವಾಗಿದ್ದು.

ಮೈದುನ ನಕ್ಕ ನಗುವಿಗೆ ಕೆಳಗಿನ ಔಷಧಿ ಅಂಗಡಿಯವರು ಮೆಟ್ಟಿಲ ಬುಡಕ್ಕೆ ಬಂದು ಏನಾಯ್ತು ಎಂದು ಕೇಳಿದರು. "ಏನಿಲ್ಲ ಸ್ವಾಮಿ, ಸೀಟು ಸಿಕ್ತು!" ಎಂದು ಕೂಗಿ ಹೇಳಿದ.

ಟೀ ಆರಿಹೋಗಿತ್ತು. ತುಕ್ಕಮ್ಮ ಬೇರೆ ಮಾಡಿ ತಂದಳು. ಬೀಗಿತ್ತಿ ಕುಡಿಯುತ್ತ ಬೆಂಚಿನಲ್ಲಿ ಕೊಂಕು ತೆಗೆಯತೊಡಗಿದರು. ಕೂರುವ ಜಾಗ ಗಟ್ಟಿಯಾಯಿತು, ಒಂದು ಮೆತ್ತೆ ಬೇಕು, ಅಂಗಡಿಯಲ್ಲಿ ದಪ್ಪ ನೀಲಿ ಬಟ್ಟೆ ಇದೆ, ನಾಳೆ ಬರುವಾಗ ತರುತ್ತೇನೆ. ಕಿಟಕಿಯಿಂದ ಬಿಸಿಲು ಬರುತ್ತದೆ, ಮಗುವಿಗಾಗದು, ಪರದೆಯನ್ನೂ ಹೊಲಿಸುತ್ತೇನೆ. ನಾಳೆ ಬರುವಾಗ, ನಾಡಿದ್ದು ಬರುವಾಗ ಎಂದು ಅವರು ಹೇಳುತ್ತಲೇ ಇದ್ದರು. ತುಕ್ಕಮ್ಮ ಎಲ್ಲದಕ್ಕೂ "ಆಯ್ತು, ಆಯ್ತು" ಎನ್ನುತ್ತ ತಲೆಯಾಡಿಸುತ್ತಿದ್ದಳು. ತಾನು ಮಾಡಿದ್ದರಲ್ಲಿ ಹುಳುಕು ಹುಡುಕಿದರೆ ಬೇರೆ ಹೊತ್ತಿನಲ್ಲಿ ಅವಳು ಸುಮ್ಮನಿರುವವಳಲ್ಲ.

ಸೊಸೆ ಬಂದು ತಾಯಿಯ ಪಕ್ಕ ಕೂತಳು. ಬಾತ ಕಾಲುಗಳನ್ನು ಬೆಂಚಿನ ಮೇಲೆ ಚಾಚಿ, ತಾಯಿಯ ತೊಡೆಯ ಮೇಲೆ ತಲೆಯಿಟ್ಟಳು. ಬೀಗಿತ್ತಿ ಅವಳ ಕೂದಲು ಬಿಚ್ಚಿ, ಸಿಕ್ಕು ಬಿಡಿಸುತ್ತ, ಎಷ್ಟು ದಿನದಿಂದ ಎಣ್ಣೆ ಹಾಕಿಲ್ಲ ಎಂದು ಬೈಯುತ್ತ ಹೋದರು. ಬೈಗುಳ ಮುಗಿಯುವ ಮೊದಲೇ ಹುಡುಗಿಗೆ ನಿದ್ದೆ ಬಂದಿತ್ತು.

ಬೀದಿಯಲ್ಲಿ ಬಿಸಿಲು ಇಳಿಯಿತು. ಬೀಗರು ಜೇಬಿನ ಗಡಿಯಾರ ತೆಗೆದು ನೋಡಿದರು, ಕೆಮ್ಮಿದರು, ಎದ್ದು ಚಪ್ಪಲಿ ಮೆಟ್ಟಿದರು. "ಹೊರಡೋಣ್ವಾ?"

ಬೀಗಿತ್ತಿ ಮಗಳ ತಲೆ ಅಲುಗಾಡದ ಹಾಗೆ, ಕೈಯನ್ನಷ್ಟೇ ಎತ್ತಿ, ನೀವು ಹೋಗಿ ಎಂದು ಸನ್ನೆ ಮಾಡಿದರು.

ನಾವು ಮೂವರೂ ಬೀಗರ ಜೊತೆಯಲ್ಲೇ ಮೆಟ್ಟಿಲಿಳಿದೆವು. ತಿರುವಿನ ಹತ್ತಿರ ಅವರು ನಿಂತು, ನನಗೊಬ್ಬಳಿಗೇ ಕೇಳಿಸುವಷ್ಟು ಮೆಲ್ಲಗೆ ಕೇಳಿದರು:

"ಅಕ್ಕಾ, ಒಂದು ಲೋಟ ಅಕ್ಕಿಗೆ ನೀರು ಎಷ್ಟು ಹಾಕ್ಬೇಕು?"